ಟವರ್ ಅದೇ, ತಂತಿ ಮಾತ್ರ ಹೊಸದು

ಟವರ್ ಲೈನಿನಲ್ಲಿ ಇನ್ನಷ್ಟು ಕರೆಂಟ್ ಹರಿಸೋಕೆ ಏನು ಅಡ್ಡಿ? ಬಹಳ ಕಡೆ ತಂತಿ ಜೋತು ಬೀಳುವುದೇ ಅಡ್ಡಿ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಬಿಸಿಯಾದ ತಂತಿ ಹಿಗ್ಗಿ ನೆಲದತ್ತ ಇಳಿಯುತ್ತದೆ, ಅಂತರ ಕಡಿಮೆಯಾದರೆ ಅಪಾಯ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಲೈನುಗಳ ಮೇಲೆ ಮಿತಿಮೀರಿದ ಹೊರೆಯೇನೂ ಇರಲಿಲ್ಲ, ಆದರೆ ಕೆಳಗಿನ ಮರಗಳನ್ನು ಕಡಿಯದೆ ಬಿಟ್ಟಿದ್ದರು. ತಂತಿ ಮರಕ್ಕೆ ತಾಗಿ ಒಂದರ ಹಿಂದೆ ಒಂದು ಲೈನ್ ಟ್ರಿಪ್ ಆಗಿ, ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು.

ಮೊದಲು ಇದ್ದದ್ದು ತಾಮ್ರದ ತಂತಿ. 20ನೇ ಶತಮಾನದ ಆರಂಭದಲ್ಲಿ ನಡುವೆ ಉಕ್ಕು, ಸುತ್ತ ಅಲ್ಯುಮಿನಿಯಂ ಹೆಣೆದ ಎಸಿಎಸ್‌ಆರ್ ಬಂತು: ಹಗುರ, ಅಗ್ಗ, ಗಟ್ಟಿ. ಇವತ್ತಿಗೂ ಜಾಸ್ತಿ ಕಾಣುವುದು ಅದೇ. ಆದರೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿ ಬಹಳ ಹೊತ್ತು ಬಿಸಿಯಾಗಿದ್ದರೆ ಅದರ ಅಲ್ಯುಮಿನಿಯಂ ಬಲ ಕಳೆದುಕೊಳ್ಳುತ್ತದೆ. 1970ರ ದಶಕದಲ್ಲಿ ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಅಲ್ಯುಮಿನಿಯಂ ಅನ್ನು ಮೊದಲೇ ಕಾಯಿಸಿ ಮೆದು ಮಾಡಿ, ಭಾರವನ್ನೆಲ್ಲ ಉಕ್ಕಿನ ಮೇಲೆ ಹಾಕಿದರು. ಅಂಥ ತಂತಿ 200 ಡಿಗ್ರಿಯನ್ನೂ ತಾಳುತ್ತದೆ. ಆದರೂ ಉಕ್ಕು ಹಿಗ್ಗುತ್ತದೆ ಅಲ್ವಾ?

ಹಾಗಾಗಿ 2000ರ ದಶಕದಲ್ಲಿ ಉಕ್ಕನ್ನೇ ತೆಗೆದು ಕಾರ್ಬನ್ ನಾರಿನ ತಿರುಳು ಇಟ್ಟರು. ಅದು ಹಿಗ್ಗುವುದು ತೀರಾ ಕಡಿಮೆ, ತೂಕವೂ ಕಡಿಮೆ. ಹೀಗೆ ಉಳಿತಾಯವಾದ ತೂಕಕ್ಕೆ ಬದಲಾಗಿ ಜಾಸ್ತಿ ಅಲ್ಯುಮಿನಿಯಂ ಸೇರಿಸಬಹುದು. ಎಳೆಗಳು ದುಂಡಗಿರದೆ ಒಂದಕ್ಕೊಂದು ಕೂಡುವ ಆಕಾರದಲ್ಲಿರುವುದರಿಂದ ನಡುವೆ ಸಂದೂ ಉಳಿಯುವುದಿಲ್ಲ. ಹಳೆ ಟವರ್‌ಗಳ ಮೇಲೇ ಸುಮಾರು ಎರಡು ಪಟ್ಟು ಕರೆಂಟ್ ಹೋಗುತ್ತದೆ. ಎಳೆಯುವಾಗ ಮಾತ್ರ ಎಚ್ಚರ ಬೇಕು: ಸಣ್ಣ ರಾಟೆಯ ಮೇಲೆ ಚೂಪಾಗಿ ಬಾಗಿದರೆ ತಿರುಳು ಬಿರುಕು ಬಿಡಬಹುದು, ಆ ಬಿರುಕು ಹೊರಗೆ ಕಾಣುವುದೂ ಇಲ್ಲ.

ಇನ್ನೊಂದು ದಾರಿ ತಂತಿ ಮುಟ್ಟದೆ, ಎಷ್ಟು ಕರೆಂಟ್ ಹರಿಸಬಹುದು ಎಂಬ ಮಿತಿಯ ಲೆಕ್ಕ ಬದಲಿಸುವುದು. ಸುಡುಬಿಸಿಲು, ಸೆಕೆಂಡಿಗೆ ಬರೀ 0.6 ಮೀಟರ್ ಗಾಳಿ ಅಂತ ಊಹಿಸಿ ಮಿತಿ ಕಟ್ಟುವ ರೂಢಿಯಿತ್ತು. ಗಾಳಿ ಬೀಸುವಾಗ ತಂತಿ ತಣ್ಣಗಿರುತ್ತದೆ, ಆಗ ಜಾಸ್ತಿ ಹರಿಸಬಹುದು. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಇಂಧನ ನಿಯಂತ್ರಣ ಆಯೋಗ, ಹೊರಗಿನ ತಾಪಮಾನ ನೋಡಿ ಮಿತಿ ಬದಲಿಸಬೇಕೆಂದು ನಿಯಮ ಮಾಡಿತು.

ತುಂಬಾ ಉದ್ದದ ಲೈನುಗಳಿಗೆ ಶಾಖಕ್ಕಿಂತ ವೋಲ್ಟೇಜ್ ಕುಸಿತ, ವಿದ್ಯುತ್ ಜಾಲದ ಸ್ಥಿರತೆಯೇ ಮಿತಿ. ಅಲ್ಲಿ ತಂತಿ ಬದಲಿಸಿದರೆ ಸಿಗುವ ಲಾಭ ಅಷ್ಟಕ್ಕಷ್ಟೆ. ಆದರೆ ಗಿಡ್ಡ ಲೈನುಗಳಲ್ಲಿ, ಹೊಸ ಜಾಗ ಕೇಳುವ ಮುಂಚೆ ಇರುವ ಟವರ್‌ಗಳನ್ನೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಂತಿ ಬದಲಿಸಲು ಲೈನ್ ಬಂದ್ ಮಾಡೋಕಾಗಲ್ಲ ಅನ್ನುವ ನೆಪವೂ ಎಲ್ಲ ಕಡೆ ನಿಲ್ಲುವುದಿಲ್ಲ: ದಕ್ಷಿಣ ಟೆಕ್ಸಾಸ್‌ನ ರಿಯೊ ಗ್ರಾಂಡ್ ಕಣಿವೆಯಲ್ಲಿ 345 ಕಿಲೋವೋಲ್ಟ್ ಲೈನಿನ ತಂತಿಗಳನ್ನು ಕರೆಂಟ್ ಹರಿಯುತ್ತಿರುವಾಗಲೇ ಬದಲಿಸಿದ್ದಾರೆ.