ಓದಲು ಬರುತ್ತದೆ ಅಂದರೆ ಏನು? ಕಾಸರಗೋಡಿನ ಹಳೇ ಗಂಟು

ಕಾಸರಗೋಡಿನಲ್ಲಿ ಶಾಲೆ, ಭಾಷೆ ಎಂದು ಯಾರಾದರೂ ಮಾತು ತೆಗೆದರೆ ಸಾಕು, ಹತ್ತೇ ನಿಮಿಷದಲ್ಲಿ ಚರ್ಚೆ ಊರು ಕೇರಳದ ಪಾಲಾದ 1956ಕ್ಕೆ ಹೋಗಿ ನಿಲ್ಲುತ್ತದೆ. ತಪ್ಪೇನಲ್ಲ. ಆದರೆ ಆ ಗಲಾಟೆಯಲ್ಲಿ ಒಂದು ಸಣ್ಣ ಪ್ರಶ್ನೆ ಕಳೆದುಹೋಗುತ್ತದೆ. ಒಂದು ಮಗುವಿಗೆ ಓದಲು ಬರುತ್ತದೆ ಅಂದರೆ, ನಿಜಕ್ಕೂ ಏನು ಬರುತ್ತದೆ?

ಹಿಂದೆ ಉತ್ತರ ಸುಲಭವಿತ್ತು. ಐಗಳ ಮಠದಲ್ಲಿ, ಅಂದರೆ ಹಳೇ ಕಾಲದ ಊರ ಶಾಲೆಯಲ್ಲಿ, ಮರಳ ಮೇಲೆ ಅಕ್ಷರ ತಿದ್ದಿದವನು ಓದಿದವನು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳನ್ನು ಬಾಯಿಪಾಠ ಹೇಳುವವನು ಓದಿದವನಲ್ಲ. ಅರಬಿ ಲಿಪಿಯಲ್ಲಿ ಮಲಯಾಳ ಓದುತ್ತಿದ್ದ ಹೆಂಗಸರನ್ನೂ ಓದಿದವರು ಎಂದು ಕರೆದದ್ದು ಕಡಿಮೆ.

1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಹೋಗಲಿ ಎಂದು ಗಡಿ ತಕರಾರು ನೋಡಿದ ಮಹಾಜನ ಆಯೋಗ ಹೇಳಿತು, ಹೋಗಲಿಲ್ಲ. 1984ರಲ್ಲಿ ಜಿಲ್ಲೆಯಾಯಿತು. 1991ರ ಏಪ್ರಿಲ್ 18ರಂದು ಕಲ್ಲಿಕೋಟೆಯಲ್ಲಿ, ಆಗಷ್ಟೇ ಅಕ್ಷರ ಕಲಿತಿದ್ದ ಚೇಲಕ್ಕೋಡನ್ ಆಯಿಷಾ ಕೇರಳವನ್ನು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದರು. ದೊಡ್ಡ ಕೆಲಸವೇ. ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಿ ಬರೆದರೆ ಸಾಕ್ಷರರು ಎನ್ನುತ್ತದೆ ಜನಗಣತಿ. ಈ 'ಅರ್ಥ ತಿಳಿದು' ಅನ್ನುವುದೇ ಮುಖ್ಯ. ಆದರೆ ಎಣಿಸಲು ಬಂದವರು ಅದನ್ನು ಪರೀಕ್ಷೆ ಮಾಡುವುದಿಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾರೆ, ಅಷ್ಟೇ.

ಈಗ ಇಲ್ಲಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಬನ್ನಿ. ಮಗುವಿನ ಮನೆಮಾತು ತುಳು. ಪುಸ್ತಕದಲ್ಲಿ ಮನೆಯ ಚಿತ್ರ, ಕೆಳಗೆ 'ಮನೆ'. ಮಗು ಖುಷಿಯಿಂದ 'ಇಲ್ಲ್' ಅನ್ನುತ್ತದೆ. ತುಳುವಿನಲ್ಲಿ ಮನೆಗೆ ಅದೇ ಹೆಸರು. ಕನ್ನಡದ ಕಿವಿಗೆ ಅದು 'ಇಲ್ಲ' ಎಂದು ಕೇಳುತ್ತದೆ. ಮಳೆಯ ಚಿತ್ರ ಬಂದರೆ 'ಬರ್ಸ'. ಇದು ತಪ್ಪಾ? ಅರ್ಥ ಪೂರ್ತಿ ಬಂದಿದೆ, ಅಕ್ಷರ ಇನ್ನೂ ಬಂದಿಲ್ಲ. ಎರಡು ವರ್ಷ ಕಳೆದರೆ ಲೆಕ್ಕ ತಿರುಗುಮುರುಗು. ಅದೇ ಮಗು ಪುಟವಿಡೀ ಗಡಗಡ ಓದುತ್ತದೆ. ಏನು ಓದಿದೆ ಎಂದು ಕೇಳಿದರೆ ಸುಮ್ನೆ ನಿಲ್ಲುತ್ತದೆ. ನಾವು ಜಾಣ ಮಗು ಎಂದು ಬೆನ್ನು ತಟ್ಟುತ್ತೇವೆ.

ಕನ್ನಡದ ಅಕ್ಷರಮಾಲೆ ಐವತ್ತರ ಒಳಗೇ ಮುಗಿಯುತ್ತದೆ. ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಇವೆಲ್ಲ ಹಿಡಿತಕ್ಕೆ ಬರಲು ನಾಲ್ಕನೇ ತರಗತಿವರೆಗೂ ಬೇಕಾಗುತ್ತದೆ ಎಂದು ಮಕ್ಕಳ ಓದಿನ ಸಂಶೋಧಕಿ ಸೋನಾಲಿ ನಾಗ್ 2007ರ ಅಧ್ಯಯನದಲ್ಲಿ ತೋರಿಸಿದರು. ಅಷ್ಟರಲ್ಲಿ ಪಾಠಗಳು ಕಾಯುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ನಾಲ್ಕು ಸಾಲಿನ ಪ್ರಶ್ನೆ ಬಂದಾಗಿರುತ್ತದೆ. ಒತ್ತಕ್ಷರದಲ್ಲಿ ಎಡವಿದ ಮಗುವಿಗೆ ಲೆಕ್ಕದಲ್ಲಿ ಸೊನ್ನೆ. ಬಾಯಲ್ಲಿ ಕೇಳಿ ನೋಡಿ, ಉತ್ತರ ಹೇಳುತ್ತದೆ.

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಟೀಚರ್ ಬಂದರೆಂದು ಹೆತ್ತವರು ಪ್ರತಿಭಟಿಸಿದ್ದು ಒಂದೆರಡು ಸಲವಲ್ಲ. ಅದನ್ನು ಬರೀ ಭಾಷಾಭಿಮಾನ ಎಂದು ಓದುವವರು ಜಾಸ್ತಿ. ನನಗೆ ಅದು ಇನ್ನೂ ಸರಳ ಅನ್ನಿಸುತ್ತದೆ. ಮಗು 'ಇಲ್ಲ್' ಅಂದಾಗ ಅದು ಹೇಳಿದ್ದು ಮನೆ ಎಂದು ತಿಳಿಯುವವರು ಅಲ್ಲಿರಬೇಕು, ಅಲ್ವಾ?

2017ರಲ್ಲಿ ಹತ್ತನೇ ತರಗತಿವರೆಗೆ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿ ಮತ್ತೆ ಗಲಾಟೆ. ಮಲಯಾಳ ಬೇಡ ಎನ್ನುವ ಹಾಗಿಲ್ಲ. ಕಚೇರಿಯ ಫಾರಂ, ಎಷ್ಟೋ ಬಸ್ಸಿನ ಬೋರ್ಡು ಅದರಲ್ಲೇ ಇವೆ. ಆದರೆ ಎಷ್ಟನೇ ವರ್ಷಕ್ಕೆ, ಮೊದಲ ಲಿಪಿ ಎಷ್ಟು ಗಟ್ಟಿಯಾದ ಮೇಲೆ? ಘೋಷಣೆಗಳ ನಡುವೆ ಈ ಮಾತು ಕೇಳಿಸಿದ್ದೇ ಕಡಿಮೆ.

ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಪೇಪರು ಓದುತ್ತ ಕೂತ ಅಜ್ಜಿ, ಬಸ್ಸು ಬಂದಾಗ ಈಗಲೂ ಪಕ್ಕದಲ್ಲಿದ್ದ ಮೊಮ್ಮಗನನ್ನೇ ಕೇಳುತ್ತಾರೆ: "ಉಂದು ಓಡೆಗ್ ಪೋಪಿನ ಬಸ್?" (ಇದು ಎಲ್ಲಿಗೆ ಹೋಗುವ ಬಸ್ಸು?)