ಫಂಡ್ ಐದಾದರೂ ಷೇರು ಅವೇ

ಇಂಡೆಕ್ಸ್ ಫಂಡ್ ಅಂದರೇನು ಎಂದು ನನ್ನನ್ನು ಕೇಳುವವರು ಈಗ ಕಡಿಮೆ. ನಿಫ್ಟಿ, ಸೆನ್ಸೆಕ್ಸ್‌ನಂಥ ಸೂಚ್ಯಂಕದ (ಇಂಡೆಕ್ಸ್) ಪಟ್ಟಿಯಲ್ಲಿರುವ ಕಂಪನಿಗಳ ಷೇರನ್ನೇ, ಅದೇ ಪಾಲಿನಲ್ಲಿ ಕೊಳ್ಳುವ ಫಂಡ್ ಅದು. ಎಲ್ಲರೂ ಯೂಟ್ಯೂಬ್ ನೋಡಿ, ಎಸ್‌ಐಪಿ (ತಿಂಗಳು ತಿಂಗಳು ಕಟ್ಟುವ ಕಂತು) ಶುರು ಮಾಡಿಕೊಂಡೇ ಬರುತ್ತಾರೆ. ಸಂತೋಷ. ತಲೆ ಕೆಡುವುದು ಸ್ಟೇಟ್‌ಮೆಂಟ್ ತೆರೆದಾಗ. ಒಂದು ನಿಫ್ಟಿ 50 ಫಂಡ್, ಬೇರೆ ಕಂಪನಿಯ ಇನ್ನೊಂದು ನಿಫ್ಟಿ 50 ಫಂಡ್, ಒಂದು ಸೆನ್ಸೆಕ್ಸ್, ಒಂದು ನಿಫ್ಟಿ 100, ಒಂದು ನಿಫ್ಟಿ 500. ಕೇಳಿದರೆ, "ರಿಸ್ಕ್ ಹಂಚಿಬಿಟ್ಟಿದೀನಿ ಸಾರ್" ಅನ್ನುತ್ತಾರೆ.

ಹಂಚಿಲ್ಲ ಸ್ವಾಮಿ. ಹಾಳೆ ಜಾಸ್ತಿ ಆಗಿದೆ, ಅಷ್ಟೇ.

ನಿವೃತ್ತ ಉಪನ್ಯಾಸಕಿಯೊಬ್ಬರು ಒಂದೊಂದು ಫಂಡಿಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದರು. ನಾನೇನೂ ಹೇಳಲಿಲ್ಲ. ಪ್ರತಿ ಫಂಡಿನ ಮೊದಲ ಐದು ಷೇರು ಗಟ್ಟಿಯಾಗಿ ಓದಿ ಮೇಡಂ ಅಂದೆ. ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್, ರಿಲಯನ್ಸ್... ಮೂರನೇ ಫಂಡಿಗೆ ಬರುವಷ್ಟರಲ್ಲಿ ನಿಲ್ಲಿಸಿದರು. "ಇದನ್ನ ಆಗಲೇ ಓದಿದೆ ಅಲ್ವಾ?" ಹೌದು, ಮುಂದಿನ ಎರಡರಲ್ಲೂ ಅದನ್ನೇ ಓದಬೇಕಿತ್ತು.

ಮದುವೆಯ ಗ್ರೂಪ್ ಫೋಟೋ ನೆನಪು ಮಾಡಿಕೊಳ್ಳಿ. ದೊಡ್ಡ ಕಂಪನಿಗಳು ಮುಂದೆ, ಚಿಕ್ಕವು ಹಿಂದೆ. ಮುಂದಿನ ಸಾಲಿನ ಮೂವತ್ತು ಜನರನ್ನಷ್ಟೇ ಕತ್ತರಿಸಿಕೊಂಡರೆ ಸೆನ್ಸೆಕ್ಸ್. ಐವತ್ತು ಜನ ಬಂದರೆ ನಿಫ್ಟಿ 50. ನೂರು ಜನಕ್ಕೆ ನಿಫ್ಟಿ 100. ಹಿಂದೆ ಬೆಂಚು ಹತ್ತಿ ನಿಂತವರೂ ಸೇರಿದರೆ ನಿಫ್ಟಿ 500. ನಾಲ್ಕೂ ಪ್ರಿಂಟ್ ಹಾಕಿಸಿದರೆ ನೆಂಟರು ಜಾಸ್ತಿ ಆಗುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಬರುತ್ತದೆ: "ಆದ್ರೂ ನಿಫ್ಟಿ 500ರಲ್ಲಿ ಐನೂರು ಕಂಪನಿ ಇದಾವಲ್ಲ ಸಾರ್, ಹತ್ತು ಪಟ್ಟು?" ಹತ್ತು ಪಟ್ಟು ಕಂಪನಿ ನಿಜ, ಆದರೆ ದುಡ್ಡು ಎಲ್ಲಕ್ಕೂ ಸಮನಾಗಿ ಹೋಗುವುದಿಲ್ಲ. ಕಂಪನಿಯ ಷೇರುಗಳಲ್ಲಿ ಮಾರುಕಟ್ಟೆಯಲ್ಲಿ ಓಡಾಡುವಂಥವುಗಳ ಒಟ್ಟು ಬೆಲೆ ಎಷ್ಟೋ, ಪಾಲು ಅಷ್ಟು. ಹಾಗಾಗಿ ನೀವು ನಿಫ್ಟಿ 500ಕ್ಕೆ ಹಾಕಿದ ನೂರು ರೂಪಾಯಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಅದೇ ಐವತ್ತು ದೊಡ್ಡ ಕಂಪನಿಗಳಿಗೆ. ಕೊನೆಯ ಕಂಪನಿಗೆ ಸಿಗುವುದು ಪೈಸೆ ಲೆಕ್ಕ. ನಿಫ್ಟಿ 100ರಲ್ಲಂತೂ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಆ ಐವತ್ತರದ್ದೇ.

"ಬೇರೆ ಬೇರೆ ಕಂಪನಿಯ ಫಂಡ್ ಇದ್ದರೆ ಸೇಫ್ ಅಲ್ವಾ" ಎನ್ನುವವರಿಗೆ: 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಷೇರು ಕುಸಿದಾಗ ಅದಿನ್ನೂ ನಿಫ್ಟಿಯಲ್ಲೇ ಇತ್ತು, ಎಲ್ಲ ನಿಫ್ಟಿ 50 ಫಂಡ್‌ಗಳೂ ಆ ಪೆಟ್ಟು ತಿನ್ನಲೇಬೇಕಾಯಿತು. ಮ್ಯಾನೇಜರ್ ಜಾಣತನ ತೋರಿಸೋಕೆ ಅಲ್ಲಿ ಜಾಗವೇ ಇಲ್ಲ. ಇನ್ನು ಫಂಡ್ ನಡೆಸುವ ಕಂಪನಿಯೇ ಮುಳುಗಿದರೆ ಎನ್ನುವ ಭಯ. ನಿಮ್ಮ ಷೇರುಗಳು ಟ್ರಸ್ಟ್ ಹೆಸರಲ್ಲಿ, ಕಸ್ಟೋಡಿಯನ್ ಅನ್ನುವ, ಷೇರು ಕಾಪಾಡಿಡುವ ಬೇರೆ ಸಂಸ್ಥೆಯ ಬಳಿ ಇರುತ್ತವೆ. ಅವು ಆ ಕಂಪನಿಯ ಆಸ್ತಿಯಲ್ಲ.

ಹಾಗಾದರೆ ಯಾವುದು? ನಿಮ್ಮ ಸಾಲ, ವಯಸ್ಸು, ಸಂಬಳ ನೋಡದೆ ಹೆಸರು ಹಿಡಿದು ಹೇಳುವುದು ತಪ್ಪು. ಹದಿನೈದು ವರ್ಷ ಮುಟ್ಟದ ದುಡ್ಡಾದರೆ ಒಂದು ನಿಫ್ಟಿ 50 ಸಾಕು, ಅಥವಾ ಒಂದು ನಿಫ್ಟಿ 500 ಸಾಕು. ನನಗೆ ಎರಡನೆಯದರ ಕಡೆ ಸ್ವಲ್ಪ ಒಲವು. ಮುಂದೆ ದೊಡ್ಡದಾಗುವ ಕಂಪನಿ ಹಿಂದಿನ ಸಾಲಿನಲ್ಲಿದ್ದಾಗಲೇ ನಿಮ್ಮ ಕೈಯಲ್ಲಿರುತ್ತದೆ. ನಿಫ್ಟಿ 50ಕ್ಕೆ ಜೊತೆ ಬೇಕೇ ಬೇಕು ಅಂದರೆ ನೆಕ್ಸ್ಟ್ 50, ಅಂದರೆ ಅದರ ನಂತರದ ಐವತ್ತು ಕಂಪನಿಗಳ ಇಂಡೆಕ್ಸ್, ನೋಡಿ. ಅದರಲ್ಲಿ ಮೊದಲ ಐವತ್ತರ ಒಂದು ಕಂಪನಿಯೂ ಇಲ್ಲ. ಆದರೆ ಕುಲುಕಾಟ ಜಾಸ್ತಿ. 2008ರಲ್ಲಿ ನಿಫ್ಟಿ 50 ಅರ್ಧಕ್ಕಿಂತ ಕೆಳಗೆ ಬಂತು, ನೆಕ್ಸ್ಟ್ 50 ಅದಕ್ಕಿಂತ ಜೋರಾಗಿ ಬಿತ್ತು.

ಇಂಡೆಕ್ಸ್ ಒಂದೇ ಆದಾಗ ನೋಡಬೇಕಾದ್ದು ಫಂಡ್ ನಿಮ್ಮಿಂದ ಹಿಡಿಯುವ ಖರ್ಚು, ಮತ್ತೆ ಫಂಡ್ ಇಂಡೆಕ್ಸಿಗಿಂತ ವರ್ಷಕ್ಕೆ ಎಷ್ಟು ಹಿಂದೆ ಬೀಳುತ್ತಿದೆ ಅನ್ನೋದು. ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ಹತ್ತೇ ರೂಪಾಯಿ, ಅಗ್ಗ ಎಂದು ಹೊಸ ಫಂಡಿಗೆ ಓಡುವವರಿಗೆ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಬಿಡುತ್ತೇನೆ. ಐಟಿಯಲ್ಲಿರುವ ಹುಡುಗರಿಗೆ ಮಾತ್ರ ಒಂದು ಮಾತು: ಸಂಬಳ ಐಟಿ, ಕಂಪನಿ ಕೊಟ್ಟ ಷೇರು ಐಟಿ, ನಿಫ್ಟಿಯೊಳಗೂ ಐಟಿ. ಅದರ ಮೇಲೆ ಇನ್ನೊಂದು ಐಟಿ ಇಂಡೆಕ್ಸ್ ಫಂಡ್ ಯಾಕಪ್ಪಾ?

ಇದನ್ನು ಓದಿ ನಾಳೆಯೇ ಎಲ್ಲ ಮಾರಬೇಡಿ. ಹೆಚ್ಚುವರಿ ಎಸ್‌ಐಪಿ ನಿಲ್ಲಿಸಿ, ಹಳೇ ಯೂನಿಟ್ ಹಾಗೇ ಇರಲಿ. ವರ್ಷ ತುಂಬದ್ದನ್ನು ಮಾರಿದರೆ ಲಾಭದ ಮೇಲೆ 20% ತೆರಿಗೆ. ವರ್ಷ ದಾಟಿದ್ದಕ್ಕೆ, ಈಗಿನ ನಿಯಮದಂತೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ 12.5%. ಒಂದೆರಡು ವರ್ಷ ಹಿಡಿದು ನಿಧಾನವಾಗಿ ಖಾಲಿ ಮಾಡಬಹುದು. ಮಾರುವ ಮೊದಲು ನಿಮ್ಮ ಆಡಿಟರ್‌ನ ಒಂದು ಸಲ ಕೇಳಿ. ಜುಲೈ ತಿಂಗಳಲ್ಲಿ ಮಾತ್ರ ಬೇಡ, ಪಾಪ, ಊಟಕ್ಕೂ ಪುರುಸೊತ್ತು ಇರುವುದಿಲ್ಲ.