ಹರಿಗೋಲು, ಚಕ್ಕಡಿ ಮತ್ತು ಅರ್ಧಕ್ಕೆ ನಿಂತ ವಾಕ್ಯ

ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ ತುಂಗಭದ್ರೆ ದಾಟಿ ದಡಕ್ಕಿಳಿಯುವವರನ್ನು ಅಂಬಿಗರು ಎಚ್ಚರಿಸುವ ಮಾತು ಒಂದೇ: ‘ಜಿಗೀಬ್ಯಾಡ್ರಿ, ಸಾವಕಾಶ ಕಾಲಿಡ್ರಿ.’ ಜಿಗಿದರೆ ಬುಟ್ಟಿಯಂಥ ಹರಿಗೋಲು ಹೊಳೆಯ ಕಡೆಗೆ ಸರಿದುಬಿಡುತ್ತದೆ, ಜಿಗಿದವರ ಕಾಲು ದಡ ಮುಟ್ಟುವ ಬದಲು ಕೆಸರು ಸೇರುತ್ತದೆ. ಶಾಲೆಯಲ್ಲಿ ಇದಕ್ಕೆ ನ್ಯೂಟನ್ನನ ಮೂರನೆಯ ನಿಯಮ ಎಂದು ಹೆಸರು. ‘ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ’ ಎಂದು ಬಾಯಿಪಾಠ ಒಪ್ಪಿಸಿದ ಹುಡುಗನೇ ಮರುಕ್ಷಣ ಕೇಳುವ ಪ್ರಶ್ನೆಯೂ ಹಳೆಯದೇ: ಎರಡೂ ಸಮ, ಎರಡೂ ವಿರುದ್ಧ ಎಂದಮೇಲೆ ಲೆಕ್ಕ ಸೊನ್ನೆಯಾಗಬೇಕಲ್ಲ, ಎತ್ತು ಚಕ್ಕಡಿಯನ್ನು ಎಳೆಯುವುದಾದರೂ ಹೇಗೆ?

ಈ ವಿಚಾರ ಮೊದಲು ಕುದುರಿದ್ದು ಡಿಕ್ಕಿಗಳ ಲೆಕ್ಕದಲ್ಲಿ. ನಿಂತಿರುವ ದೊಡ್ಡ ವಸ್ತುವಿಗೆ ಚಿಕ್ಕದು ಬಡಿದರೆ ದೊಡ್ಡದು ಕದಲುವುದೇ ಇಲ್ಲವೆಂದು 1644ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್ ಬರೆದಿದ್ದರು. 1668–69ರ ಹೊತ್ತಿಗೆ ವಾಲಿಸ್, ರೆನ್ ಮತ್ತು ಹೈಗೆನ್ಸ್ ಎಂಬ ಮೂವರು ವಿದ್ವಾಂಸರು ಲಂಡನ್ನಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿಗೆ ಕಳುಹಿಸಿದ ಬರಹಗಳು ಡಿಕ್ಕಿಯ ಲೆಕ್ಕವನ್ನು ಸರಿದಾರಿಗೆ ತಂದವು.

1687ರ ‘ಪ್ರಿನ್ಸಿಪಿಯಾ’ ಎಂಬ ಲ್ಯಾಟಿನ್ ಗ್ರಂಥದಲ್ಲಿ ನ್ಯೂಟನ್ ನಿಯಮವನ್ನು ಬರೆದು ಸುಮ್ಮನಾಗಲಿಲ್ಲ. ಹತ್ತು ಅಡಿ ಉದ್ದದ ಲೋಲಕಗಳಿಗೆ ಗುಂಡುಗಳನ್ನು ತೂಗುಬಿಟ್ಟು, ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಹಿಡಿದು ಒಂದಕ್ಕೊಂದು ಬಡಿಸಿದರು. ಗಾಜಿನ ಗುಂಡುಗಳು 16 ಪಾಲು ವೇಗದಲ್ಲಿ ಹತ್ತಿರ ಬಂದರೆ 15 ಪಾಲು ವೇಗದಲ್ಲಿ ದೂರ ಸರಿಯುತ್ತಿದ್ದವು. ಬಿಗಿದು ಸುತ್ತಿದ ಉಣ್ಣೆಯ ಉಂಡೆಗಳಲ್ಲಿ ಆ ಪ್ರಮಾಣ 9ಕ್ಕೆ 5. ಪುಟಿಯುವ ಗುಣ ಬೇರೆಯಾದರೂ ಒಂದು ಗುಂಡು ಕಳೆದುಕೊಂಡ ಸಂವೇಗವನ್ನು, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ಬರುವ ಮೊತ್ತವನ್ನು, ಇನ್ನೊಂದು ಪಡೆಯುತ್ತಿತ್ತು. ಇನ್ನೊಂದು ಪ್ರಯೋಗವನ್ನು ನಮ್ಮ ಹೊಳೆದಂಡೆಯಲ್ಲೇ ಮಾಡಬಹುದಿತ್ತೇನೋ: ಸೂಜಿಗಲ್ಲನ್ನೂ ಕಬ್ಬಿಣವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿಟ್ಟು, ನಿಂತ ನೀರಿನಲ್ಲಿ ಒಂದಕ್ಕೊಂದು ತಾಗುವಂತೆ ತೇಲಿಬಿಟ್ಟರೆ, ಎರಡರ ಸೆಳೆತವೂ ಸಮವಾದ್ದರಿಂದ ಯಾವುದೂ ಇನ್ನೊಂದನ್ನು ನೂಕಿಕೊಂಡು ಹೋಗುವುದಿಲ್ಲ.

ಲ್ಯಾಟಿನ್ನಿನ ಮೂಲ ವಾಕ್ಯಕ್ಕೆ ಎರಡು ಭಾಗಗಳಿವೆ. ಮೊದಲನೆಯದು ಎಲ್ಲರ ಬಾಯಲ್ಲಿರುವುದು. ಎರಡು ವಸ್ತುಗಳು ಪರಸ್ಪರರ ಮೇಲೆ ಹಾಕುವ ಬಲಗಳು ಯಾವಾಗಲೂ ಸಮ ಮತ್ತು ವಿರುದ್ಧ ದಿಕ್ಕಿನವು ಎಂಬುದು ಎರಡನೆಯದು. ಮುನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಭಾಷೆಯಿಂದ ಭಾಷೆಗೆ, ಪಾಠದಿಂದ ಪರೀಕ್ಷೆಗೆ ದಾಟುವಾಗ ಈ ಎರಡನೆಯ ಭಾಗ ಹಿಂದೆ ಉಳಿಯಿತು. ಪುಸ್ತಕದ ವಿವರಣೆಯಲ್ಲಿ ಅದಿದ್ದರೂ ಅಂಕ ಸಿಗುವುದು ಮೊದಲ ಸಾಲಿಗೆ. ‘ಪ್ರತಿಕ್ರಿಯೆ’ ಎಂಬ ಪದವೂ ನೆರವಾಗಲಿಲ್ಲ; ಬಳಕೆಯ ಕನ್ನಡದಲ್ಲಿ ಅದು ಆಮೇಲೆ ಬರುವ ಉತ್ತರ, ಇಲ್ಲಿ ಮಾತ್ರ ಎರಡೂ ಒಂದೇ ಕ್ಷಣದವು. ರಾಕೆಟ್ಟಿಗೆ ನಿರ್ವಾತದಲ್ಲಿ ತಳ್ಳಲು ಏನೂ ಸಿಗದೆಂದು ಅಮೆರಿಕದ ಪತ್ರಿಕೆಯೊಂದು 1920ರಲ್ಲಿ ಬರೆದು, ತಿದ್ದುಪಡಿ ಹಾಕಿದ್ದು 1969ರ ಜುಲೈನಲ್ಲಿ, ಅಪೊಲೊ 11 ಚಂದ್ರನ ದಾರಿಯಲ್ಲಿದ್ದಾಗ. ರಾಕೆಟ್ ತಳ್ಳುವುದು ತನ್ನದೇ ಉರಿದ ಅನಿಲವನ್ನು, ಆ ಅನಿಲ ತಿರುಗಿ ತಳ್ಳುವುದು ರಾಕೆಟ್ಟನ್ನು.

ಚಕ್ಕಡಿಯ ಪ್ರಶ್ನೆಗೂ ಉತ್ತರ ಆ ಬಿಟ್ಟುಹೋದ ಭಾಗದಲ್ಲೇ ಇದೆ. ಎತ್ತು ನೊಗದ ಮೂಲಕ ಎಳೆಯುವುದು ಚಕ್ಕಡಿಯನ್ನು, ಚಕ್ಕಡಿ ಹಿಂದಕ್ಕೆ ಎಳೆಯುವುದು ಎತ್ತನ್ನು. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳಾದ್ದರಿಂದ ಒಂದರಿಂದ ಇನ್ನೊಂದನ್ನು ಕಳೆಯುವಂತಿಲ್ಲ. ಚಕ್ಕಡಿ ಹೊರಡುವುದು ಎತ್ತಿನ ಎಳೆತ ಗಾಲಿಯ ತಡೆಯನ್ನು ಮೀರಿದಾಗ. ಎತ್ತು ಮುಂದೆ ಹೋಗುವುದು ಅದರ ಗೊರಸು ನೆಲವನ್ನು ಹಿಂದಕ್ಕೆ ಒತ್ತಿ, ನೆಲ ಅದನ್ನು ಅಷ್ಟೇ ಬಲದಿಂದ ಮುಂದಕ್ಕೆ ನೂಕುವುದರಿಂದ. ಮಳೆ ಬಿದ್ದ ಎರೆಹೊಲದಲ್ಲಿ ಗೊರಸು ಜಾರತೊಡಗಿದರೆ ಆ ನೂಕು ಸಿಗುವುದಿಲ್ಲ, ಬಾರುಕೋಲು ಎಷ್ಟೇ ಬೀಸಿದರೂ ಗಾಲಿ ಹೂತಲ್ಲೇ ಇರುತ್ತದೆ.